ಅಪ್ಪನ ಗ್ಲಾಸು

ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ದ್ರಾಕ್ಷಿತೋಟದ ನಡುವೆ ವೈನ್ ತಯಾರಿಸುವ ಪುಟ್ಟ ಮನೆಯೊಂದಕ್ಕೆ ಭಾವ ನನ್ನನ್ನು ಕರೆದೊಯ್ದಿದ್ದರು. ದಿನಕ್ಕೆ ಇಬ್ಬರಿಗಷ್ಟೇ ಅಲ್ಲಿ ರುಚಿ ನೋಡಲು ಅವಕಾಶ. ಮಟಮಟ ಮಧ್ಯಾಹ್ನದಲ್ಲೂ ಆ ನೆಲಮಾಳಿಗೆಯಲ್ಲಿ ಮೈ ನಡುಗುವಷ್ಟು ಚಳಿ.

ಒಡತಿ ಮೊದಲ ಗ್ಲಾಸನ್ನು ತುಂಬಿ ಖಾಲಿ ಕುರ್ಚಿಯೊಂದರ ಮುಂದಿಟ್ಟರು. "ಇದು ಅಪ್ಪಂದು. ತಾವು ರುಚಿ ನೋಡದೆ ಒಂದು ಪೀಪಾಯಿನೂ ಮಾರ್ತಿರ್ಲಿಲ್ಲ. ಹೋಗಿ ಆರು ವರ್ಷ ಆಯ್ತು, ಆದ್ರೂ ಇಡ್ತೀನಿ. ಸಂಜೆ ಹಾಗೇ ತಗೊಂಡೋಗಿ ಬಳ್ಳಿ ಬುಡಕ್ಕೆ ಸುರೀತೀನಿ."

ನಮಗೆ ಸಿಕ್ಕಿದ್ದು ಗ್ಲಾಸಿನ ತಳ ನೆನೆಯುವಷ್ಟು. ಅವರು ಭಾವನಿಗೆ ಪೀಪಾಯಿಗಳನ್ನು ತೋರಿಸಲು ಒಳಗೆ ಹೋದಾಗ ನನ್ನ ಆಸೆಬುರುಕತನ ಸುಮ್ಮನಿರಲಿಲ್ಲ. ಅಪ್ಪನ ಗ್ಲಾಸೆತ್ತಿ ಒಂದು ಗುಟುಕು ಹೀರಿದೆ. ಆ ಚಳಿಯಲ್ಲೂ ಗ್ಲಾಸು ಬೆಚ್ಚಗಿತ್ತು, ಯಾರೋ ಅಷ್ಟು ಹೊತ್ತೂ ಅಂಗೈಯಲ್ಲಿ ಹಿಡಿದುಕೊಂಡಿದ್ದಂತೆ. ಹೆದರಿ ಇದ್ದಲ್ಲೇ ಇಟ್ಟು, ಬಾಗಿಲ ಬಳಿ ಹೋಗಿ ನಿಂತೆ. ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ವಾಪಸ್ ಬಂದ ಒಡತಿ ಮೇಜಿನ ಮುಂದೆ ನಿಂತುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ಆರು ವರ್ಷ ಆದ್ಮೇಲೆ ಅಪ್ಪ ಇವತ್ತು ಕುಡಿದಿದಾರೆ" ಎಂದು ಕಣ್ಣೊರೆಸಿಕೊಂಡರು. ನಾನು ತಲೆ ತಗ್ಗಿಸಿದವನು ಮೇಜಿನತ್ತ ನೋಡದೆ ಕಾರಿನ ಕಡೆ ನಡೆದೆ.

ಕಾರಿನಲ್ಲಿ ಭಾವ ಕೇಳಿದರು, "ನೀನು ತಾನೇ?"

ಹೂಂ ಅಂದೆ.

"ಮಾನ ಕಳೆದೆಯಲ್ಲೋ. ಕುಡಿದಿದ್ದೇ ತಪ್ಪು, ಅದ್ರಲ್ಲೂ ಒಂದು ತೊಟ್ಟೂ ಬಿಡದ ಹಾಗೆ ಖಾಲಿ ಮಾಡೋದಾ?"

ನಾನು ಕುಡಿದದ್ದು ಒಂದೇ ಗುಟುಕು.