ಕಟ್ಟಿದ ಮೇಲೆ ವಾಪಸಿಲ್ಲ

"ಕಟ್ಟಿದ ಮೇಲೆ ವಾಪಸಿಲ್ಲ ಮೇಡಂ. ಇನ್ನೊಂದು ಸಲ ಯೋಚನೆ ಮಾಡಿ."

ವಲಸೆ ಕಚೇರಿಯ ಗಾಜಿನ ಕಿಟಕಿಯ ಆಚೆ ಕೂತಿದ್ದ ಕ್ಯಾಷಿಯರ್ ಹೀಗಂದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಲ್ಟರೇಷನ್ ಅಂಗಡಿಯಲ್ಲಿ ಕತ್ತು ಬಗ್ಗಿಸಿ ಹೊಲಿದು, ಪೌರತ್ವದ ಅರ್ಜಿಯ ಫೀಸಿಗೆಂದೇ ಕೂಡಿಟ್ಟ ಹಣ ಅದು. ತೆಗೆದುಕೊಳ್ಳುವುದಕ್ಕೂ ಇವನಿಗೆ ಇಷ್ಟು ಬಿಗುಮಾನವೇ?

'ನನ್ನ ಮುಖ ನೋಡಿದರೆ ಈ ದೇಶದವಳಾಗುವ ಹಾಗೆ ಕಾಣುವುದಿಲ್ಲವೇನೋ...'

ಅವಳು ಜಗಳಕ್ಕೇ ನಿಂತಳು. ಅವನು ಎಲ್ಲವನ್ನೂ ಕೇಳಿಸಿಕೊಂಡು, ಸಾಲಿನಲ್ಲಿ ಹಿಂದಿದ್ದವರಿಗೆ ಕೇಳದಂತೆ, ಅವಳ ಅರ್ಜಿಯ ಮೇಲೆ ಬೆರಳಿಟ್ಟು ಮೆಲ್ಲಗೆ ವಿವರಿಸಿದ. ಅಮ್ಮನ ಕಾಯಿಲೆಗೆಂದು ಅವಳು ಊರಿಗೆ ಹೋಗಿದ್ದ ತಿಂಗಳುಗಳು ಇಲ್ಲಿನ ವಾಸದ ಲೆಕ್ಕಕ್ಕೆ ಬರುವುದಿಲ್ಲ. ಇವತ್ತು ಕಟ್ಟಿದರೆ ಅರ್ಜಿಯೂ ಹೋಗುತ್ತದೆ, ಹಣವೂ ಹೋಗುತ್ತದೆ. ಚಳಿಗಾಲದವರೆಗೆ ತಡೆದರೆ ಎರಡೂ ಉಳಿಯುತ್ತವೆ.

ಅಷ್ಟು ಹೊತ್ತು ಬಾಯಿ ಮಾಡಿದ್ದಕ್ಕೆ ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಪಾಪ, ಥ್ಯಾಂಕ್ಸ್ ಹೇಳುವುದನ್ನೂ ಮರೆತು ಓಡಿಬಂದಳು.

ಮುಂದಿನ ವಾರ, ಜಗಳದಲ್ಲಿ ಅವಳೇ ಒದರಿದ್ದ ಅಂಗಡಿಯ ಹೆಸರು ಹಿಡಿದು ಅವನೇ ಅಲ್ಲಿಗೆ ಬಂದ. ಪ್ಯಾಂಟು ಉದ್ದವಾಗಿದೆಯಂತೆ! ಎಲ್ಲಿ ಉದ್ದ? ಅಳತೆ ಸರಿಯಾಗೇ ಇತ್ತು. ಅವಳು ನಗು ತಡೆದುಕೊಂಡು ಕತ್ತರಿ ಎತ್ತಿದಳು.

"ಕತ್ತರಿಸಿದ ಮೇಲೆ ವಾಪಸಿಲ್ಲ ಸಾರ್. ಇನ್ನೊಂದು ಸಲ ಯೋಚನೆ ಮಾಡಿ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಅವನು ಅವಳಿಗೆ ವಾಪಸಿಲ್ಲಪ್ಪ, ಅವಳು ಅವನಿಗೆ ಟೈಲರಮ್ಮ. 'ನೀವು' ಹೋಗಿ 'ನೀನು' ಬಂತು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅವನ ಹೆಜ್ಜೆ ಸದ್ದು ಕೇಳಿಸದಿದ್ದರೆ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಮನಸ್ಸು ಬರುತ್ತಿರಲಿಲ್ಲ.

ಒಂದು ಭಾನುವಾರ ಅವನು ಅವಳನ್ನು ಮನೆಗೆ ಕರೆದೊಯ್ದ. ಅವನಮ್ಮ ಕೆಟ್ಟವರೇನಲ್ಲ, ಆದರೆ ನಾಲಿಗೆಗೆ ಮೂಳೆ ಇಲ್ಲ ನೋಡಿ. ಟೀ ಬಗ್ಗಿಸುತ್ತಾ ಅಂದುಬಿಟ್ಟರು.

"ಈ ಕಾಲದಲ್ಲಿ ಪ್ರೀತಿ ಯಾವುದು, ಪೌರತ್ವದ ಕಾಗದದ ಆಸೆ ಯಾವುದು ಅಂತ ಗೊತ್ತಾಗಲ್ಲ ಕಣಮ್ಮಾ."

ಅವಳು ಟೀ ಕುಡಿದಳು. ಅಡಿಗೆಮನೆಯಲ್ಲಿ ಬಿಸ್ಕತ್ತು ಹುಡುಕುತ್ತಿದ್ದ ಅವನಿಗೆ ಇದು ಕೇಳಿಸಲೂ ಇಲ್ಲ, ಅವಳು ಹೇಳಲೂ ಇಲ್ಲ.

ಚಳಿಗಾಲ ಹತ್ತಿರ ಬರುವಾಗ ಸರ್ಕಾರ ಫೀಸನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿತು. ಸುದ್ದಿ ಕೇಳಿ ಅವಳು ಕುಸಿದು ಕೂತಳು. ಅವನು ಮಾತ್ರ ಕುಣಿಯುತ್ತಾ ಬಂದ.

"ಫೀಸು ಯಾಕೆ ಕಟ್ತೀಯಾ? ನನ್ನೇ ಕಟ್ಕೋ. ಇಲ್ಲಿಯವರ ಹೆಂಡತಿಗೆ ಅರ್ಧ ಫೀಸು ಸಾಕು!"

ಮದುವೆ ಕೇಳುವ ಚಂದ ನೋಡಿ! ದಾರಿಯುದ್ದಕ್ಕೂ ಅದನ್ನೇ ಉರುಹೊಡೆದುಕೊಂಡು ಬಂದಿದ್ದ ಪುಣ್ಯಾತ್ಮ.

ಅವಳ ಮುಖ ಬಿಳಿಚಿಕೊಂಡಿತು. "ನಾನು ರಿಯಾಯಿತಿಗೋಸ್ಕರ ಮದುವೆ ಆಗೋಳಾ? ನಿಮ್ಮಮ್ಮ ಅಂದಿದ್ದೂ ಇದನ್ನೇ. ನೀನೂ ಹಾಗೇ ಅಂದ್ಕೊಂಡಿದ್ಯಾ?"

ಅವನಿಗೆ ಅಮ್ಮ ಏನಂದರೆಂದೇ ಗೊತ್ತಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವಳು ಶಟರ್ ಎಳೆದಾಗಿತ್ತು.

ಆಮೇಲೆ ಅವಳು ಫೋನ್ ಎತ್ತಲಿಲ್ಲ. ಪೂರ್ತಿ ಫೀಸು ತಾನೇ ಕಟ್ಟಲೆಂದು ಒಂದು ಹೋಟೆಲಿನ ಪರದೆಗಳನ್ನೆಲ್ಲ ಹೊಲಿಯಲು ಒಪ್ಪಿಕೊಂಡಳು. ಮೆಷಿನ್ ತುಳಿಯುತ್ತಾ ಅತ್ತಳು, ಅಳುತ್ತಲೇ ತುಳಿದಳು. ಅವನನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಆದರೆ ತನ್ನ ಪ್ರೀತಿಯನ್ನು ನಾಳೆ ಯಾರೂ ಕಾಗದಕ್ಕೆ ಜೋಡಿಸಿ ನೋಡಬಾರದು. ಅದೊಂದೇ ಹಟ.

ಅವನಿಂದ ಒಂದೇ ಮೆಸೇಜ್ ಬಂತು. 'ಅಮ್ಮನನ್ನ ಕೇಳಿದೆ. ತಪ್ಪಾಯ್ತು. ಕಾಯ್ತೀನಿ.'

ಚಳಿಗಾಲದ ಒಂದು ಬೆಳಗ್ಗೆ ಅವಳು ಅದೇ ಕಿಟಕಿಯ ಮುಂದೆ ನಿಂತಳು. ಅವನು ತಲೆಯೆತ್ತಿದ. ಕಣ್ಣು ತುಂಬಿಕೊಂಡಿತು. ಆದರೆ ಪ್ರತಿಯೊಬ್ಬರಿಗೂ ಹೇಳಲೇಬೇಕಾದ ಮಾತದು, ಹೇಳಿದ.

"ಕಟ್ಟಿದ ಮೇಲೆ... ವಾಪಸಿಲ್ಲ ಮೇಡಂ. ಒಪ್ಪಿಗೆನಾ?"

"ಒಪ್ಪಿಗೆ ಸಾರ್. ಪೂರ್ತಿ ಫೀಸು ತಗೊಳ್ಳಿ."

ಅವನು ರಸೀದಿ ಕೊಟ್ಟ. ಅವಳು ಅದನ್ನು ಮಡಚಿ ಬ್ಯಾಗಿಗೆ ಹಾಕಿದಳು, ಆದರೆ ಕಿಟಕಿ ಬಿಟ್ಟು ಕದಲಲಿಲ್ಲ. ಹಿಂದಿದ್ದ ಅಜ್ಜ ಕೆಮ್ಮಿದರು.

"ಈಗ ನಿನ್ನಿಂದ ನನಗೆ ಯಾವ ಕಾಗದವೂ ಬೇಕಾಗಿಲ್ಲ," ಅಂದಳು. "ಅದಕ್ಕೇ ಈಗ ಕೇಳ್ತಿದ್ದೀನಿ. ನನ್ನ ಕಟ್ಕೋತೀಯಾ?"

ಅವನು ಪೆನ್ನು ಕೆಳಗಿಟ್ಟ.

"ಕಟ್ಕೊಂಡ ಮೇಲೆ ವಾಪಸಿಲ್ಲ. ಇನ್ನೊಂದು ಸಲ ಯೋಚನೆ ಮಾಡು."

"ಬೇಗ ಹೂಂ ಅನ್ನಪ್ಪಾ," ಎಂದರು ಅಜ್ಜ, "ನಮ್ಮದೂ ಸರದಿ ಬರಲಿ."

ಅವನು ಗಾಜಿನ ಕೆಳಗಿನ ಸಂದಿಯಿಂದ ಕೈ ಚಾಚಿ, ಸೂಜಿ ಚುಚ್ಚಿ ಒರಟಾಗಿದ್ದ ಅವಳ ಬೆರಳುಗಳನ್ನು ಹಿಡಿದುಕೊಂಡ.

"ವಾಪಸ್ ಕೊಡೋಕೆ ನನಗೇನು ಹುಚ್ಚಾ, ಟೈಲರಮ್ಮಾ?"