ಲೇಸರ್ ಕೋಣೆಯ ದೀಪ ಆರಿಸಿದ್ದು ಯಾರು?

ದೊಡ್ಡ ಡಾಕ್ಟರು ಕಾಲೇಜಿನ ಲೇಸರ್ ಕೋಣೆಯ ಮೂಲೆಯಲ್ಲಿ, ಕುರ್ಚಿಯ ಪಕ್ಕ ನೆಲದ ಮೇಲೆ ಬಿದ್ದಿದ್ದರು. ತುಟಿ ಒಡೆದಿತ್ತು. ಬಿಳಿ ಕೋಟಿನ ಗುಂಡಿಯೊಂದು ಕಿತ್ತು ಮೇಜಿನ ಕೆಳಗೆ ಉರುಳಿತ್ತು. ಕಣ್ಣು ತೆರೆದೇ ಇತ್ತು. ಬಾಯಿಂದ ಮಾತ್ರ ಮಾತಿನ ಬದಲು ಬರೀ ಸದ್ದು ಬರುತ್ತಿತ್ತು.

ಮೊದಲು ಕಂಡವರು ಸ್ವಂತ ತಮ್ಮ, ಲೇಸರ್ ಮೇಷ್ಟ್ರು. ಆ ದಿನ ಮೊದಲ ಸಲ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತೆಗೆದರಂತೆ. ಕಿಟಕಿ ಇಲ್ಲದ ಕೋಣೆ, ಗವ್ವೆನ್ನುವ ಕತ್ತಲೆ. ದೀಪ ಹಾಕಿದರೆ ಅಣ್ಣ ಹೀಗೆ ಬಿದ್ದಿದ್ದಾರೆ.

ಇನ್‌ಸ್ಪೆಕ್ಟರಮ್ಮ ಬರುವ ಹೊತ್ತಿಗೆ ಡಾಕ್ಟರನ್ನು ಎದುರಿನ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಅಲ್ಲಿನ ಸ್ಟ್ರೋಕ್ ವಿಭಾಗವನ್ನು ಕಟ್ಟಿ ಬೆಳೆಸಿದವರೇ ಅವರು. ಒಡೆದ ತುಟಿ, ಕಿತ್ತ ಗುಂಡಿ. ಇನ್‌ಸ್ಪೆಕ್ಟರಮ್ಮನಿಗೆ ಇದು ಹೊಡೆದಾಟದ ಕೇಸೆಂದು ಅನ್ನಿಸಿತು. ಗುಂಡಿಯ ಫೋಟೋ ತೆಗೆಸಿದರು, ಬಾಗಿಲ ಹಿಡಿಯ ಬೆರಳಚ್ಚು ತೆಗೆಸಿದರು. ಅರ್ಧ ಗಂಟೆ ಅದರಲ್ಲೇ ಕಳೆಯಿತು. ಆಮೇಲೆ ಆಸ್ಪತ್ರೆಯಿಂದ ಫೋನು ಬಂತು. ದೊಡ್ಡ ಡಾಕ್ಟರ ಕೈಕೆಳಗೇ ಕಲಿತ ಕಿರಿಯ ಡಾಕ್ಟರು.

"ಮೇಡಂ, ಇದು ಲಕ್ವ, ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ. ತುಟಿ ಗಾಯ ಏನೂ ಅಲ್ಲ."

"ಹಾಗಾದ್ರೆ ನನ್ನ ಕೆಲಸ ಮುಗೀತು."

"ಇಲ್ಲ, ಈಗ ಶುರುವಾಗಿದೆ. ಹೆಪ್ಪು ಕರಗಿಸೋ ಔಷಧಿ ಇದೆ. ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕು. ತಡವಾಗಿ ಕೊಟ್ರೆ ಮಿದುಳಲ್ಲೇ ರಕ್ತ ಸುರಿಯೋ ಅಪಾಯ. ಅವ್ರು ಚೆನ್ನಾಗಿದ್ದದ್ದನ್ನ ಕೊನೇ ಸಲ ನೋಡಿದ್ದು ಅವ್ರ ಹೆಂಡ್ತಿ, ಬೆಳಿಗ್ಗೆ ಏಳಕ್ಕೆ. ಆ ಲೆಕ್ಕದಲ್ಲಿ ಹೊತ್ತು ಮೀರಿ ಹೋಗಿದೆ."

"ಸ್ಕ್ಯಾನಲ್ಲಿ ಗೊತ್ತಾಗಲ್ವಾ?"

"ಅದನ್ನ ತೋರಿಸೋ ಮಷೀನಿಗೆ ಅವ್ರನ್ನ ಹಾಕೋ ಹಾಗಿಲ್ಲ, ಎದೇಲಿ ಹಳೇ ಪೇಸ್‌ಮೇಕರ್ ಇದೆ. ಏಳು ಗಂಟೆ ಆದ್ಮೇಲೆ ಅವ್ರು ಸರಿಯಾಗಿ ಮಾತಾಡ್ತಿದ್ದದ್ದನ್ನ ಕಂಡೋರು ಒಬ್ರು ಬೇಕು ಮೇಡಂ. ಇಲ್ದಿದ್ರೆ ನಮ್ಮ ಗುರುಗಳು ಇನ್ನು ಮಾತಾಡೋದು ಅನುಮಾನ."

ಫೋನಿಟ್ಟ ಇನ್‌ಸ್ಪೆಕ್ಟರಮ್ಮನಿಗೆ ಗುಂಡಿಯ ಹಿಂದೆ ಕಳೆದ ಅರ್ಧ ಗಂಟೆ ಚುಚ್ಚತೊಡಗಿತು. ಕೋಣೆಯನ್ನು ಮತ್ತೊಮ್ಮೆ ನೋಡಿದರು. ಸ್ವಿಚ್ಚು ಬಾಗಿಲ ಬಳಿ ಇತ್ತು, ಡಾಕ್ಟರು ಬಿದ್ದದ್ದು ಎದುರು ಮೂಲೆಯಲ್ಲಿ. ಬಲಗೈ ಬಲಗಾಲು ಸ್ವಾಧೀನ ತಪ್ಪಿದ ಮನುಷ್ಯ ದೀಪ ಆರಿಸಿ, ಕತ್ತಲಲ್ಲಿ ನಡೆದು ಹೋಗಿ ಮೂಲೆಯಲ್ಲಿ ಬೀಳಲಾರ. ಯಾರೋ ಇಲ್ಲಿದ್ದರು. ಅವರು ದೀಪ ಆರಿಸಿ ಹೊರಟು ಹೋಗಿದ್ದರು. ಅವರಿಗೆ ಹೊತ್ತು ಗೊತ್ತು.

*

ಕಳ್ಳರ ಬಾಯಿ ಬಿಡಿಸಿ ಬಿಡಿಸಿ ಸಾಕಾಗಿದ್ದ ಇನ್‌ಸ್ಪೆಕ್ಟರಮ್ಮನಿಗೆ ಆ ದಿನ ಹೊಸ ತಾಪತ್ರಯ. ಇಲ್ಲಿ ಕೇಳುವ ಮೊದಲೇ ಎಲ್ಲರೂ ತಪ್ಪೊಪ್ಪಿಕೊಳ್ಳುತ್ತಿದ್ದರು.

ಡಾಕ್ಟರ ಹೆಂಡತಿ ಪಡಸಾಲೆಯ ಬೆಂಚಿನಲ್ಲಿ ಸೆರಗು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. "ನನ್ನದೇ ತಪ್ಪು. ಬೆಳಿಗ್ಗೆ ಮಾತಿಗೆ ಮಾತು ಬೆಳೀತು. ತಿಂಡಿ ತಿಂದ್ರಾ ಅಂತಾನೂ ಕೇಳ್ಲಿಲ್ಲ. ಧಡ್ ಅಂತ ಬಾಗಿಲು ಹಾಕ್ದೆ."

"ಯಾವ ವಿಷಯಕ್ಕೆ ಜಗಳ?"

"ನನ್ನ ಮೈದುನನ ವಿಷಯಕ್ಕೇ. ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬರ್ಬೇಕು ಅಂತ ಅಣ್ಣ ತಮ್ಮ ತಿಂಗಳಿಂದ ಗುದ್ದಾಡ್ತಿದಾರೆ. ತಮ್ಮಂಗೆ ಬಿಟ್ಟು ಕೊಡಿ ಅಂದೆ. ಚಿಕ್ಕೋರಿದ್ದಾಗ ಇವ್ರು ತಮ್ಮನ ಉಗ್ಗು ಮಾತನ್ನ ಅಣಕಿಸಿ ಅಳಿಸ್ತಿದ್ರಂತೆ. ಈಗ್ಲೂ ಸಿಟ್ಟು ಬಂದ್ರೆ ಇವ್ರ ಬಾಯಿ ಹಾಗೇ ಆಡುತ್ತೆ. ಆ ಬುದ್ಧಿ ಬಿಡಿ ಅಂದೆ, ಅಷ್ಟೇ."

ಪ್ರಬಂಧ ಎಂದರೆ ಮೂರು ವಿಭಾಗದವರು ಸೇರಿ ಮಾಡಿದ ಒಂದು ಟೋಪಿಯ ಬಗ್ಗೆ. ಅದನ್ನು ತಲೆಗೆ ಹಾಕಿದರೆ ಸಣ್ಣ ಲೇಸರ್ ಬೆಳಕು ತಲೆಬುರುಡೆ ದಾಟಿ ಮಿದುಳಿನ ರಕ್ತದ ಓಟ ನೋಡುತ್ತದೆ, ಲಕ್ವವನ್ನು ಬೇಗ ಹಿಡಿಯುತ್ತದೆ. ಬೆಳಕಿನ ಕೆಲಸ ತಮ್ಮನದು, ವೈದ್ಯಕೀಯ ಅಣ್ಣನದು. ಕರೆಂಟಿಲ್ಲದ ಊರಲ್ಲೂ ಬಿಸಿಲಿನಿಂದ ಅದನ್ನು ಓಡಿಸುವ ಹೊಣೆ ಹಸಿರು ಮೇಡಂ ಅವರದು.

ಹಸಿರು ಮೇಡಂ ಎಂದರೆ ಆ ಕಟ್ಟಡಕ್ಕೆಲ್ಲ ತಲೆನೋವು. ಕಡಿಮೆಯಲ್ಲಿ ಬದುಕುವುದು ಹೇಗೆಂಬುದೇ ಅವರ ಸಂಶೋಧನೆ. ಪ್ರತಿ ಸ್ವಿಚ್ಚಿನ ಮೇಲೂ 'ಹೊರಡುವ ಮುನ್ನ ಆರಿಸಿ' ಎಂದು ಚೀಟಿ ಅಂಟಿಸಿದ್ದರು. ಕೂತವರ ತಲೆ ಮೇಲಿನ ಫ್ಯಾನನ್ನೇ ಆರಿಸುವವರೆಂದು ಹುಡುಗರು ನಗುತ್ತಿದ್ದರು. ಇನ್‌ಸ್ಪೆಕ್ಟರಮ್ಮ ಅವರನ್ನು ಲೇಸರ್ ಕೋಣೆಗೇ ಕರೆಸಿ ನೇರ ಮೇಲೆ ಹಾರಿದರು.

"ದೀಪ ಆರಿಸಿದ್ದು ನೀವೇ ಅಲ್ವಾ?"

ಮೇಡಂ ಜೋರಾಗಿ ತಲೆಯಲ್ಲಾಡಿಸಿದರು. "ನಾನಲ್ಲ. ಆದ್ರೂ ನನ್ನದೇ ತಪ್ಪು. ನಾನು ಈ ಚೀಟಿ ಅಂಟಿಸದೇ ಇದ್ದಿದ್ರೆ ದೀಪ ಉರೀತಾ ಇರ್ತಿತ್ತು, ಯಾರಾದ್ರೂ ಬಾಗಿಲ ಸಂದಿಯಿಂದ ನೋಡ್ತಿದ್ರು."

"ಬೆಳಿಗ್ಗೆ ಬಂದಿದ್ರಾ ಒಳಗೆ? ನಿಜ ಹೇಳಿ. ಹೊತ್ತು ಹೋಗ್ತಿದೆ."

"ಇವತ್ತು ಬಂದೇ ಇಲ್ಲ. ನಾನು ಆರಿಸಿದ್ರೆ ಅದನ್ನ ಬಿಡ್ತಿದ್ನಾ?" ಮೇಡಂ ಮೇಜಿನಡಿಯ ಪೆಟ್ಟಿಗೆಯೊಂದನ್ನು ತೋರಿಸಿದರು. ಅದು ಗುಂಯ್ ಎನ್ನುತ್ತಿತ್ತು. ಇಷ್ಟು ಹೊತ್ತು ಇನ್‌ಸ್ಪೆಕ್ಟರಮ್ಮ ಅದನ್ನು ಕೇಳಿಯೂ ಕೇಳಿರಲಿಲ್ಲ.

"ಏನದು?"

"ಚಿಲ್ಲರ್. ಲೇಸರಿಗೆ ತಣ್ಣೀರು ಹಾಯಿಸೋದು. ನಿನ್ನೆ ಸಂಜೆ ನಾನೇ ಎಲ್ಲಾ ಆರಿಸಿ ಹೋಗಿದ್ದೆ, ಇದೂ ಸೇರಿ. ಒಂದ್ಸಲ ಲೇಸರ್ ನಿಲ್ಲಿಸಿದ ತಕ್ಷಣ ಇದನ್ನ ಆರಿಸಿ, ಲೇಸರ್ ಮೇಷ್ಟ್ರ ಹತ್ರ ಬೈಸಿಕೊಂಡಿದ್ದೆ. ಲೇಸರ್ ನಿಂತ ಮೇಲೂ ಬಿಸಿ ಇಳಿಯೋವರೆಗೆ ನೀರು ಓಡ್ತಾ ಇರ್ಬೇಕಂತೆ. ಆಮೇಲೆ ಬಂದು ಆರಿಸ್ಬೇಕಂತೆ."

ಇನ್‌ಸ್ಪೆಕ್ಟರಮ್ಮ ಬಗ್ಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಅದು ನಡುಗುತ್ತಿತ್ತು.

"ದೊಡ್ಡ ಡಾಕ್ಟರಿಗೆ ಈ ಲೇಸರ್ ಹಚ್ಚೋಕೆ ಬರುತ್ತಾ?"

"ಬಂದ್ರೂ ಆಗಲ್ಲ. ಕೀಲಿ ಬೇಕು. ಇರೋದು ಒಂದೇ."

*

ಲೇಸರ್ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಅತ್ತಿಗೆ ಪಕ್ಕದಲ್ಲಿದ್ದರೂ ಅವರ ಮುಖ ನೋಡುತ್ತಿರಲಿಲ್ಲ. ಹಸಿರು ಮೇಡಂ ಇನ್‌ಸ್ಪೆಕ್ಟರಮ್ಮನ ಹಿಂದೆಯೇ ಬಂದು ನಿಂತರು. ಗೋಡೆ ಗಡಿಯಾರದಲ್ಲಿ ಒಂದೂವರೆ ಆಗಿತ್ತು.

"ಮೇಷ್ಟ್ರೇ, ಲೇಸರ್ ಕೀಲಿ ಎಲ್ಲಿ?"

ಅವರ ಕೈ ತಾನಾಗಿ ಕತ್ತಿನ ದಾರಕ್ಕೆ ಹೋಯಿತು. ಅಂಗಿಯೊಳಗಿಂದ ಕೀಲಿ ಹೊರಬಂತು.

"ಇವತ್ತು ಯಾರಿಗಾದ್ರೂ ಕೊಟ್ಟಿದ್ರಾ?"

"ಇ... ಇಲ್ಲ."

"ಹನ್ನೆರಡಕ್ಕೇ ಮೊದಲ ಸಲ ಆ ಕೋಣೆಗೆ ಹೋದೆ ಅಂದ್ರಿ. ನಿನ್ನೆ ಸಂಜೆ ಆರಿದ್ದ ಚಿಲ್ಲರ್ ಈಗ ಓಡ್ತಿದೆ. ಅಂದ್ರೆ ಬೆಳಿಗ್ಗೆ ಲೇಸರ್ ಹಚ್ಚಿದಾರೆ. ಹಚ್ಚೋಕೆ ಕೀಲಿ ಬೇಕು. ಕೀಲಿ ನಿಮ್ಮ ಕತ್ತಲ್ಲಿದೆ. ಬೇರೆ ಯಾರಾದ್ರೂ ಆಗಿದ್ರೆ ಎಲ್ಲಾ ಹಾಗೇ ಬಿಟ್ಟು ಓಡ್ತಿದ್ರು, ಇಲ್ಲಾ ಎಲ್ಲಾ ಆರಿಸ್ತಿದ್ರು. ಲೇಸರ್ ನಿಲ್ಲಿಸಿ, ದೀಪ ಆರಿಸಿ, ನೀರು ಮಾತ್ರ ಬಿಟ್ಟು ಹೋಗೋರು ನೀವೊಬ್ರೇ. ಹನ್ನೆರಡಕ್ಕೆ ಬಂದಿದ್ದೂ ಅದನ್ನ ಆರಿಸೋಕೆ. ಅಣ್ಣ ಬಿದ್ದದ್ದು ಕಂಡು ಮರೆತ್ರಿ. ಕೇಸು ಆಮೇಲೆ ನೋಡೋಣ. ಎಷ್ಟು ಗಂಟೆಗೆ ಅಂತ ಹೇಳಿ ಮೊದ್ಲು."

ಮೇಷ್ಟ್ರು ಬಾಯಿ ತೆರೆದರು. ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಅತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಇನ್‌ಸ್ಪೆಕ್ಟರಮ್ಮ ಗಡಿಯಾರ ನೋಡಿದರು. ಗದರಿದರೆ ಮಾತು ಇನ್ನಷ್ಟು ಸಿಕ್ಕಿಕೊಳ್ಳುತ್ತದೆಂದು ಹಲ್ಲು ಕಚ್ಚಿ ಕಾದರು.

"ಹ... ಹ... ಹತ್ತೂವರೆ."

"ಆಗ ಸರಿಯಾಗಿ ಮಾತಾಡ್ತಿದ್ರಾ? ಖಂಡಿತಾನಾ?"

"ಹತ್ತೂವರೆವರೆಗೂ ಬ... ಬೈತಿದ್ದ. ಸ್ಪಷ್ಟವಾಗಿ. ಗೋಡೆ ಗಡಿಯಾರ ನೋಡ್ದೆ, ಪಾಠಕ್ಕೆ ಹೋಗ್ಬೇಕಿತ್ತು."

ಇನ್‌ಸ್ಪೆಕ್ಟರಮ್ಮ ಅಷ್ಟರಲ್ಲೇ ಫೋನು ಕಿವಿಗಿಟ್ಟಿದ್ದರು. "ಡಾಕ್ಟ್ರೇ, ಹತ್ತೂವರೆ. ಕಂಡೋರು ನನ್ನೆದುರಿಗೇ ಇದಾರೆ. ಮೂರರವರೆಗೆ ಟೈಮಿದೆ ನಿಮಗೆ."  ಆ ಕಡೆಯಿಂದ ಓಡುವ ಕಾಲಿನ ಸದ್ದು ಕೇಳಿಸಿತು.

*

ಉಳಿದದ್ದು ನಿಧಾನವಾಗಿ ಹೊರಬಂತು.

ಬೆಳಿಗ್ಗೆ ಟೋಪಿ ಪರೀಕ್ಷಿಸಲು ಇಬ್ಬರೂ ಲೇಸರ್ ಹಚ್ಚಿದ್ದರು. ಮಾತು ಹೆಸರಿನ ಕಡೆಗೆ ತಿರುಗಿತು, ದನಿ ಏರಿತು. ಬೈಯುತ್ತಿದ್ದ ಅಣ್ಣ ಇದ್ದಕ್ಕಿದ್ದಂತೆ ತಡವರಿಸತೊಡಗಿದರು. ಒಂದೇ ಅಕ್ಷರವನ್ನು ಮತ್ತೆ ಮತ್ತೆ ಜಗ್ಗಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು.

"ಅಣಕಿಸ್ತಿದಾನೆ ಅಂದ್ಕೊಂಡೆ," ಎಂದರು ಮೇಷ್ಟ್ರು. "ಚಿಕ್ಕಂದಿನಲ್ಲಿ ಹೀಗೇ ಬಾಯಿ ಸೊಟ್ಟ ಮಾಡ್ತಿದ್ದ. ಮೈಯೆಲ್ಲಾ ಉರಿದು ಹೋಯ್ತು. ಕೋಟು ಹಿಡಿದು ತಳ್ಳಿದೆ. ಕುರ್ಚಿ ಮೇಲೆ ಬಿದ್ದ, ತುಟಿ ಹಲ್ಲಿಗೆ ಸಿಕ್ತು. ಆಮೇಲೂ ಹಾಗೇ ಮಾಡ್ತಿದ್ದ. ನಾನು ಲೇಸರ್ ನಿಲ್ಲಿಸಿ ಹೊರಟು ಬಂದೆ."

"ಹನ್ನೆರಡಕ್ಕೆ ನೋಡಿದಾಗ ಯಾಕೆ ಹೇಳ್ಲಿಲ್ಲ?"

"ನಾನು ತ... ತಳ್ಳಿದ್ದಕ್ಕೇ ಹೀಗಾಯ್ತು ಅಂದ್ಕೊಂಡೆ. ನಾನೇ ಕೊಂದೆ ಅನ್ನಿಸ್ತು."

"ಮಾತು ತೊದಲಿದ್ದು ಮೊದಲು, ತಳ್ಳಿದ್ದು ಆಮೇಲೆ. ಲಕ್ವ ನಿಮ್ಮಿಂದ ಆಗಿಲ್ಲ," ಎಂದರು ಇನ್‌ಸ್ಪೆಕ್ಟರಮ್ಮ. ಅಲ್ಲಿಗೇ ನಿಲ್ಲಿಸಲು ಮನಸ್ಸು ಬರಲಿಲ್ಲ. "ಆದ್ರೆ ಹನ್ನೆರಡರಿಂದ ಒಂದೂವರೆವರೆಗೆ ಬಾಯಿ ಬಿಡದೆ ಕಳೆದ ಹೊತ್ತು ನಿಮ್ಮದು."

ಮೇಷ್ಟ್ರು ತಲೆಯಾಡಿಸಿದರು.

"ದೀಪ ಯಾಕೆ ಆರಿಸಿದ್ರಿ?"

ಅವರು ಮೆಟ್ಟಿಲ ಬಳಿಯ ಸ್ವಿಚ್ಚಿನ ಮೇಲಿನ ಚೀಟಿಯತ್ತ ನೋಡಿದರು. "ಅಭ್ಯಾಸ."

ಪಕ್ಕದಲ್ಲಿದ್ದ ಪೇದೆ ಹೇಳಿಕೆಯಲ್ಲಿ ಹಾಗೆಯೇ ಬರೆದುಕೊಂಡ. ಹಸಿರು ಮೇಡಂ ಅಳುತ್ತ ಹೋಗಿ ಚೀಟಿ ಕಿತ್ತರು. ಅದು ಅರ್ಧ ಮಾತ್ರ ಕಿತ್ತು ಬಂತು.

*

ಔಷಧಿ ಹೊತ್ತಿಗೆ ಸರಿಯಾಗಿ ಬಿದ್ದಿತ್ತು. ಎರಡು ವಾರದ ನಂತರ ಇನ್‌ಸ್ಪೆಕ್ಟರಮ್ಮ ಹೇಳಿಕೆ ಪಡೆಯಲು ವಾರ್ಡಿಗೆ ಹೋದರು. ದೊಡ್ಡ ಡಾಕ್ಟರು ದಿಂಬಿಗೆ ಒರಗಿ ಕೂತಿದ್ದರು. ಬಲಗೈಗೆ ಒಂದಿಷ್ಟು ಜೀವ ಬಂದಿತ್ತು. ಮಾತು ಬರುತ್ತಿತ್ತು, ಆದರೆ ಒಂದೊಂದು ಪದಕ್ಕೂ ಏದುಸಿರು. ಲೇಸರ್ ಮೇಷ್ಟ್ರು ಪಕ್ಕದ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ದಿನವೂ ಹಾಗೆ ಬಂದು ಕೂರುತ್ತಾರೆಂದು ನರ್ಸ್ ಹೇಳಿದಳು.

ಅಣ್ಣ ತಮ್ಮನ ಕಡೆ ತಿರುಗಿ ಬಾಯಿ ತೆರೆದರು.

"ಲೈ... ಲೈ..."

ಪಕ್ಕದಲ್ಲಿದ್ದ ಹೆಂಡತಿ "ಲೈಟು ಹಾಕ್ಬೇಕಾ?" ಎಂದು ಎದ್ದರು. ಮೇಷ್ಟ್ರು ಕೈಯೆತ್ತಿ ತಡೆದರು. ತನ್ನ ಮಾತನ್ನು ಬೇರೆಯವರು ಪೂರ್ತಿ ಮಾಡಿದರೆ ಹೇಗಾಗುತ್ತದೆಂದು ಜೀವಮಾನವಿಡೀ ಉಂಡವರು ಅವರು. ಅಣ್ಣ ಏನು ಕೇಳುತ್ತಾರೆಂದು ಮೊದಲ ಸದ್ದಿಗೇ ಗೊತ್ತಾಗಿತ್ತು. ಆದರೂ ಕಾದರು.

"ಲೈಟು... ಯಾಕೋ... ಆ... ಆರಿಸ್ದೆ?"



"ಬೇಕೂಂತಲೇ ಆರಿಸ್ದೆ ಅಣ್ಣ," ಎಂದರು ತಮ್ಮ. ಆ ಮಾತು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಕತ್ತಲಲ್ಲಿ ಒಬ್ನೇ ಅಣಕಿಸ್ಕೊಂಡು ಬಿದ್ದಿರು ಅಂತ."

ದೊಡ್ಡ ಡಾಕ್ಟರು ತಮ್ಮನ ಮುಖ ನೋಡಿದರು. ಆಮೇಲೆ ಮತ್ತೆ ತುಟಿ ಅಲುಗಿತು. ತಮ್ಮ ಮತ್ತೆ ಕಾದರು.

"ಗೊ... ಗೊತ್ತಿತ್ತು. ಎ... ಎಷ್ಟು ಸಲ... ಅಣಕಿಸಿದೀನಿ... ನಾನು."

ಇನ್‌ಸ್ಪೆಕ್ಟರಮ್ಮ ಸದ್ದಿಲ್ಲದೆ ಹೊರಗೆ ಬಂದು ಮೇಷ್ಟ್ರ ಹಳೆಯ ಹೇಳಿಕೆ ತೆಗೆದರು. ಅದರಲ್ಲಿ 'ಅಭ್ಯಾಸ' ಎಂಬ ಪದವನ್ನು ಹೊಡೆದು ಹಾಕಬೇಕಿತ್ತು.