ಟಾಕೀಸಿನ ಬಾಗಿಲಲ್ಲೊಂದು ದೆವ್ವ

"ಈ ದೆವ್ವಕ್ಕ ನನ್ನ ಕೂದಲಾ ಯಾಕ ಹಚ್ಚೀರಿ?"

ಏಣಿಯ ಮೇಲೆ ನಿಂತು ಸಿನಿಮಾ ಬೋರ್ಡಿಗೆ ಬಣ್ಣ ಬಳಿಯುತ್ತಿದ್ದವನು ತಿರುಗಿ ನೋಡಿದ. ಮಾಗ್ದಲೀನಾ ಸೊಂಟದ ಮೇಲೆ ಕೈಯಿಟ್ಟು ಕೆಳಗೆ ನಿಂತಿದ್ದಳು. ಬೋರ್ಡಿನ ಮೇಲಿನ ದೆವ್ವಕ್ಕೆ ಕಪ್ಪು ಮುಖ, ದಪ್ಪ ತುಟಿ, ಗುಂಗುರು ಕೂದಲು. ಕೋರೆಹಲ್ಲು ಕಿತ್ತರೆ ಅವಳ ಸೋದರಮಾವನೇ.

"ಮ್ಯಾನೇಜರ್ ಹಿಂಗ ಬರಿ ಅಂದಾರ್ರಿ."

"ಅವರು ದೆವ್ವ ನೋಡ್ಯಾರೇನು?"

"ಇಲ್ರಿ."

"ಮತ್ತ ನಮ್ಮ ಸಿದ್ದಿ ಮಂದೀನ್ನ ನೋಡ್ಯಾರ. ಅದಕ್ಕ ಹಿಂಗ ಬರಿ ಅಂದಾರ."

ಅವನು ಬೆವರು ಒರೆಸಿಕೊಳ್ಳಲು ಹೋಗಿ ಹುಬ್ಬಿಗೆ ಹಳದಿ ಬಣ್ಣ ಮೆತ್ತಿಕೊಂಡ. ಒಂದು ಹುಬ್ಬು ಕಪ್ಪು, ಒಂದು ಹಳದಿ. ನಗು ಬಂದರೂ ಮಾಗ್ದಲೀನಾ ನಗಲಿಲ್ಲ. ಸಿಟ್ಟು ಮಾಡಲು ಬಂದವಳು ನಕ್ಕರೆ ಸಿಟ್ಟಿಗೇನು ಬೆಲೆ?

ಅವನ ಹೆಸರು ಉಳವಪ್ಪ. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಗಿರಣಿಯ ಕೆಲಸಕ್ಕೆ ಬಂದವರು. ಅವಳದು ಹಳಿಯಾಳದ ಆಚೆ, ಕಾಡಿನ ಅಂಚಿನ ಸಿದ್ದಿಗಳ ಊರು. ದಾಂಡೇಲಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು, ಅಂಬೇವಾಡಿಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಭಾನುವಾರ ಬೆಳಿಗ್ಗೆ ಇಗರ್ಜಿ, ಮಧ್ಯಾಹ್ನ ಮ್ಯಾಟಿನಿ. ಎರಡನ್ನೂ ತಪ್ಪಿಸಿದವಳಲ್ಲ.

ಮುಂದಿನ ಭಾನುವಾರ ಆಟ ಬಿಟ್ಟು ಹೊರಗೆ ಬಂದಾಗ ಉಳವಪ್ಪ ಸೋಡಾ ಅಂಗಡಿಯ ಮುಂದೆ ಕಾಯುತ್ತಿದ್ದ.

"ಪಿಕ್ಚರ್ ಹೆಂಗಿತ್ರಿ?"

ಆ ಪ್ರಶ್ನೆಗಾಗಿಯೇ ಹುಟ್ಟಿದವಳಂತೆ ಅವಳು ಶುರುಮಾಡಿದಳು. "ಅಷ್ಟು ದೊಡ್ಡ ಬಂಗ್ಲೆದಾಗ ಒಂದ ಕೋಣ್ಯಾಗ ದೆವ್ವ ಐತಿ ಅಂತ ಎಲ್ಲಾರಿಗೂ ಗೊತ್ತೈತಿ. ಆದ್ರೂ ಆ ಹುಡುಗಿ ಮೇಣಬತ್ತಿ ಹಿಡಕೊಂಡು ಅದ ಕೋಣಿಗೆ ಹೋಗ್ತಾಳ. ಯಾಕ? ಆಕಿಗೆ ತಲಿ ಇಲ್ಲೇನು? ಮೊದಲ ಸಾಯೂದು ಯಾರು? ಕಾವಲುಗಾರ. ಕರ್ರಗ ಇರ್ತಾನ, ಸುಮ್ಮಸುಮ್ಮನ ನಗ್ತಾನ, ಸಾಯ್ತಾನ. ಅವಗ ಹೇಂತಿ ಇಲ್ಲ, ಮಕ್ಕಳಿಲ್ಲ, ಅಳಾವ್ರೂ ಇಲ್ಲ."

ಉಳವಪ್ಪ ಸೋಡಾ ಕುಡಿಯುವುದನ್ನೇ ಮರೆತು ಅವಳನ್ನು ನೋಡುತ್ತಿದ್ದ. ಮಾತಾಡುವಾಗ ಅವಳ ಕೈಗಳು ಗಾಳಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವು. ಅವನು ನೋಡುತ್ತಿದ್ದಾನೆಂದು ತಿಳಿದಾಗ ಕತ್ತರಿ ತಟ್ಟನೆ ನಿಂತಿತು.

"ಏನು ನೋಡಾಕತ್ತೀರಿ?"

"ಪಿಕ್ಚರ್‌ಕಿಂತ ನಿಮ್ಮ ಸಿಟ್ಟ ಚಲೋ ಐತ್ರಿ."

ಅವಳು ಮುಖ ತಿರುಗಿಸಿ ಹೊರಟಳು. ಮನೆ ಮುಟ್ಟುವವರೆಗೂ ಆ ಮಾತನ್ನೇ ಮಡಚಿ ಬಿಚ್ಚಿ ಮಾಡಿದಳು.

ಆಮೇಲೆ ಆಕಾಶದಲ್ಲಿ ಹಾರುವ ಹೀರೋನ ಇಂಗ್ಲಿಷ್ ಪಿಕ್ಚರ್ ಬಂತು. ಅದರ ಮೇಲೂ ಅವಳಿಗೆ ಸಿಟ್ಟೇ. "ಪ್ಯಾಂಟಿನ ಮ್ಯಾಲ ಚಡ್ಡಿ ಹಾಕ್ಯಾನ. ಬೆನ್ನಿಗೆ ಕಟ್ಟಿದ ಅರಿವಿ ಗಾಳಿಗೆ ಹಾರಿದ್ರ ಕುತ್ತಿಗಿ ಬಿಗೀತೈತಿ, ಆ ಟೇಲರ್‌ಗ ಗೊತ್ತಾಗೂದಿಲ್ಲೇನು? ಲೋಕಾ ಉಳಸ್ತಾನಂತ. ಯಾವ ಲೋಕಾ? ಅಮೇರಿಕಾದಾಗ ಒಂದು ಓಣಿ. ಕಾಳಿ ನದಿಗೆ ಮಹಾಪೂರ ಬಂದಾಗ ಎಲ್ಲಿದ್ದ?"

"ಅವಗ ದಾಂಡೇಲಿ ಬಸ್ ಸಿಕ್ಕಿರಾಕಿಲ್ಲ," ಅಂದ ಉಳವಪ್ಪ.

ಅವತ್ತು ಅವಳು ನಕ್ಕುಬಿಟ್ಟಳು. ನೀವು ಹೋಗಿ ನೀ ಆದದ್ದು ಅವತ್ತೇ. ನದಿಯ ದಂಡೆಯವರೆಗೆ ಜೊತೆಯಾಗಿ ನಡೆದರು. ಬಿದಿರಿನ ನೆರಳಲ್ಲಿ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಗೊತ್ತಾಗದವರಂತೆ ನೀರು ನೋಡಿದರು.

ಮಳೆಗಾಲ ಮುಗಿದ ಮೇಲೆ ಇನ್ನೊಂದು ದೆವ್ವದ ಪಿಕ್ಚರ್ ಬಂತು. ಆ ಭಾನುವಾರ ಟಾಕೀಸಿನ ಮುಂದೆ ಎಂದಿಲ್ಲದ ಗದ್ದಲ. ಗುಂಪು ಸರಿಸಿ ಒಳಗೆ ನುಗ್ಗಿದ ಮಾಗ್ದಲೀನಾ ನಿಂತಲ್ಲೇ ನಿಂತಳು.

ಗೇಟಿನ ಪಕ್ಕ ಜೀವಂತ ದೆವ್ವ ನಿಂತಿತ್ತು. ಮೈಗೆ ಗೋಣಿಚೀಲ, ಕಣ್ಣಿನ ಸುತ್ತ ಬಿಳಿ ಬಣ್ಣ, ಬಾಯಿಂದ ಕೆಂಪು. ಜನ ಶೇಂಗಾ ಸಿಪ್ಪೆ ಎಸೆದು, "ಕುಣಿ, ಕುಣಿ" ಅನ್ನುತ್ತಿದ್ದರು. ದೆವ್ವ ಅವಳನ್ನು ಕಂಡು ತಲೆ ತಗ್ಗಿಸಿತು. ಅದು ಕಳೆದ ವಾರವಷ್ಟೇ ಕೆಲಸ ಹುಡುಕಿಕೊಂಡು ಊರಿಂದ ಬಂದಿದ್ದ ಅವಳ ತಮ್ಮ, ಪೆದ್ರು.

ಪಕ್ಕದಲ್ಲಿ ಬ್ರಷ್ಷು ಹಿಡಿದು ಉಳವಪ್ಪ ನಿಂತಿದ್ದ.

ಮಾಗ್ದಲೀನಾ ತಮ್ಮನ ಹತ್ತಿರ ಹೋಗಿ ಸೆರಗಿನಿಂದ ಅವನ ಮುಖ ಒರೆಸತೊಡಗಿದಳು. ಗುಂಪು ಮೊದಲು ನಕ್ಕಿತು. ಅವಳು ಒರೆಸುತ್ತಲೇ ಇದ್ದಳು. ನಗು ತಾನಾಗಿಯೇ ಬತ್ತಿತು.

"ಏ, ಯಾರವ್ವಾ ನೀ? ಅವ ಒಪ್ಪಿ ಬಂದಾನ," ಅಂದ ಮ್ಯಾನೇಜರ್ ಬಸಲಿಂಗಯ್ಯ.

"ಕೆಲಸಾ ಅಂದ್ರಿ, ಒಪ್ಪಿದ. ದೆವ್ವ ಆಗು ಅಂದ್ರ ನಿಮ್ಮ ಮಗಾ ಒಪ್ತಾನೇನ್ರಿ?" ಆಮೇಲೆ ಉಳವಪ್ಪನ ಕಡೆ ತಿರುಗಿದಳು. ದನಿ ಸಣ್ಣದಾಯಿತು. "ನನ್ನ ಸಿಟ್ಟ ಚಲೋ ಐತಿ ಅಂದಿದ್ದಿ. ಅದು ನಿನಗ ಬರೇ ಆಟ ಆಗಿತ್ತಲ್ಲ?"

"ಇಂವಾ ನಿನ್ನ ತಮ್ಮ ಅಂತ ನನಗ ಗೊತ್ತಿರಲಿಲ್ಲ, ಮಾಗ್ದಲೀನಾ."

"ಬ್ಯಾರೆದವರ ತಮ್ಮ ಆಗಿದ್ರ ನಡೀತಿತ್ತೇನು?"

ತಮ್ಮನ ಕೈ ಹಿಡಿದು ಅವಳು ಹೊರಟಳು. ಪೆದ್ರು ಮರುದಿನವೇ ಊರಿಗೆ ಹಿಂತಿರುಗಿದ.

ಉಳವಪ್ಪ ಬೋರ್ಡಿನ ದೆವ್ವಕ್ಕೆ ಸುಣ್ಣ ಬಳಿದು ಕೆಲಸ ಬಿಟ್ಟನಂತೆ. ಸುದ್ದಿ ಹೊಲಿಗೆ ಅಂಗಡಿಗೂ ಬಂತು. ಮಾಗ್ದಲೀನಾ ಕೇಳಿಯೂ ಕೇಳದಂತೆ ಮಶೀನು ತುಳಿದಳು. ಆದರೆ ಭಾನುವಾರ ಒಬ್ಬಳೇ ಪಿಕ್ಚರ್ ನೋಡಿ ಹೊರಬಂದಾಗ ಸೋಡಾ ಅಂಗಡಿಯ ಮುಂದೆ ಯಾರೂ ಇರಲಿಲ್ಲ. ಎದೆ ತುಂಬ ಸಿಟ್ಟಿತ್ತು, ಕೇಳುವ ಕಿವಿ ಇರಲಿಲ್ಲ. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಕ್ರಿಸ್‌ಮಸ್ ಹತ್ತಿರ ಬಂದಾಗ ಅವನು ಅಂಗಡಿಯ ಬಾಗಿಲಿಗೆ ಬಂದು ನಿಂತ. ಗಡ್ಡ ಬೆಳೆದಿತ್ತು.

"ಅವ್ವಗ ಹೇಳೇನಿ, ನಿನ್ನ ಲಗ್ನ ಆಗ್ತೇನಿ ಅಂತ. ಇನ್ನೂ ಮಾತಾಡವಲ್ಲಳು."

ಮಾಗ್ದಲೀನಾ ತಲೆಯೆತ್ತಲಿಲ್ಲ. "ನನಗ ಹೇಳಾಕ ಬಂದೀಯೇನು? ಬಣ್ಣ ಯಾರಿಗೆ ಬಳದಿ?"

"ಪೆದ್ರುಗ."

"ಮತ್ತ ತಪ್ಪಾತು ಅನ್ನೂದು ಯಾರಿಗೆ?"

"ಊರು ತೋರಸು, ಹೋಗೂಣು."

ಹಳಿಯಾಳದಲ್ಲಿ ಬಸ್ಸು ಬದಲಿಸಿ, ಇಳಿದ ಮೇಲೆ ಗದ್ದೆಯ ಬದುವಿನಲ್ಲಿ ನಡೆದರು. ಅವಳು ಮುಂದೆ, ಅವನು ಹಿಂದೆ. ಪೆದ್ರು ಕೊಯ್ದ ಭತ್ತವನ್ನು ಸಿವುಡು ಕಟ್ಟಿ ಕಣಕ್ಕೆ ಹೊರುತ್ತಿದ್ದ. ಇವರನ್ನು ಕಂಡೂ ನಿಲ್ಲಲಿಲ್ಲ.

"ನಿನಗ ಬಣ್ಣ ಹಚ್ಚುಮುಂದ ನೀ ಕಣ್ಣ ಮುಚ್ಚಿದ್ದಿ," ಅಂದ ಉಳವಪ್ಪ. "ಬಣ್ಣ ಉರೀತೈತಿ ಅಂತ ತಿಳದಿದ್ದೆ. ನಾಚಿಕಿಗೆ ಮುಚ್ಚಿದ್ದಿ ಅಂತ ಆಮ್ಯಾಲ ತಿಳೀತು. ತಪ್ಪಾತು, ಪೆದ್ರು."

ಪೆದ್ರು ಒಂದು ಸಿವುಡು ಎತ್ತಿ ಅವನ ತಲೆಯ ಮೇಲಿಟ್ಟ. "ಮಾತು ಆಮ್ಯಾಲ. ಮೊದಲ ಇದನ್ನ ಕಣಕ್ಕ ಒಯ್ಯಿ."

ಹೊತ್ತು ಇಳಿಯುವವರೆಗೂ ಉಳವಪ್ಪ ಹೊತ್ತ. ಕುತ್ತಿಗೆ ಕೆಂಪಾಯಿತು, ಅಂಗಿ ಹರಿಯಿತು. ಕೊನೆಗೆ ಪೆದ್ರು ಅವನಿಗೆ ನೀರಿನ ಚೊಂಬು ಕೊಟ್ಟು ನಕ್ಕ. "ಅಕ್ಕಾ, ಇಂವಾ ಲಗ್ನಕ್ಕ ಆಗ್ತಾನ ಬಿಡು. ನಾ ಒಪ್ಪಿದೆ."

"ನೀ ಒಪ್ಪಿದಿ, ಇಂವಾ ಅವರವ್ವಗ ಹೇಳಿದ," ಮಾಗ್ದಲೀನಾಳ ದನಿ ಏರಿತು. "ಇಷ್ಟು ಮಂದ್ಯಾಗ ನನ್ನ ಒಬ್ಬರರ ಕೇಳೀರೇನು?"

ಉಳವಪ್ಪ ಚೊಂಬು ಕೆಳಗಿಟ್ಟ. ಬೆವರು, ಹೊಟ್ಟು ಮೆತ್ತಿಕೊಂಡ ಮುಖದಲ್ಲೇ ಅವಳೆದುರು ಬಂದು ನಿಂತ.

"ಕೇಳಾಕ ಅಂಜಿಕಿ ಬಂದಿತ್ತು. ಈಗ ಕೇಳ್ತೇನಿ. ನನ್ನ ಲಗ್ನ ಆಗ್ತೀಯೇನು?"

ಅವಳು ಅವನ ಕಣ್ಣು ನೋಡಿದಳು. ಇಷ್ಟು ದಿನ ಕಾಯಿಸಿದ್ದಕ್ಕೆ ಇನ್ನೊಮ್ಮೆ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು.

"ಆಗ್ತೇನಿ," ಅಂದಳು. "ಇದನ್ನ ಕೇಳಾಕ ಇಷ್ಟು ತಡಾ ಮಾಡ್ತಾರೇನು, ಹುಚ್ಚಾ?"